ಮಠದ ಮುಂದೆ ನಿಂತ ಕುರಿಗಳು

ಹೊಳೆ ದಂಡೆಯಲ್ಲೊಂದು ಮಠ. ಮಠದ ಗೋಡೆಗೆ ಹತ್ತಿಕೊಂಡೇ ಒಂದು ಇಕ್ಕಟ್ಟಿನ ಓಣಿ. ಓಣಿಯ ಕೊನೆಗೆ ಊರಿನ ಕಸಾಯಿಖಾನೆ. ಮಠಕ್ಕೆ ಬರುವ ಭಕ್ತರೂ ಕತ್ತಿಗೆ ಹೋಗುವ ಕುರಿಗಳೂ ಅದೇ ಓಣಿ ತುಳಿಯಬೇಕು. ಆದರೂ ಎಂದೂ ಒಬ್ಬರಿಗೊಬ್ಬರು ಅಡ್ಡ ಬಂದವರಲ್ಲ.

ಮಠದ ಮುದುಕ ಗುರು ಅಡವಯ್ಯಜ್ಜನವರು ತಮ್ಮ ಶಿಷ್ಯ ಚನ್ನವೀರನಿಗೆ ಕಾವಿ ಕೊಟ್ಟರು. ಅದರ ಮಾರನೆಯ ದಿನದಿಂದಲೇ ಕುರಿಗಳು ಮಠದ ಬಾಗಿಲ ಮುಂದೆ ನಿಂತುಬಿಡತೊಡಗಿದವು. ಏನು ಮಾಡಿದರೂ ಮುಂದೆ ಹೆಜ್ಜೆ ಇಡಲೊಲ್ಲವು.

ನೋಡಿದ ಭಕ್ತರು ಕೈ ಮುಗಿದರು. "ಹೊಸ ಸ್ವಾಮಿಗಳ ತಪಸ್ಸು ನೋಡ್ರಿ! ಮೂಕ ಜೀವಗಳೂ ಶರಣು ಬರಾಕತ್ಯಾವ."

ಚನ್ನವೀರ ಒಳ್ಳೆಯವನೇ. ದಾರಿಯಲ್ಲಿ ಇರುವೆ ಸಾಲು ಕಂಡರೆ ಸುತ್ತಿ ಬಳಸಿ ಹೋಗುವವನು. ಆದರೆ ಎಳೇ ವಯಸ್ಸಿನಲ್ಲಿ ಇಂಥ ಮಾತು ಬೆಲ್ಲ ಇದ್ದ ಹಾಗೆ, ಒಮ್ಮೆ ರುಚಿ ಹತ್ತಿದರೆ ಬಿಡುವುದಿಲ್ಲ.

ನಿಂತ ಕುರಿಗಳಿಗೆ ಮಾತ್ರ ಪೆಟ್ಟು ತಪ್ಪುತ್ತಿರಲಿಲ್ಲ. ಕಟುಕರ ಮೌಲಾಲಿ ಹಿಂದಿನಿಂದ ಕೋಲು ಬೀಸುತ್ತಿದ್ದ. ಅವು ಒಂದರ ಮೇಲೊಂದು ಬಿದ್ದು ಅರಚುತ್ತಿದ್ದವು. ಪೂಜೆಗೆ ಕೂತ ಚನ್ನವೀರ ಕೂತಲ್ಲೇ ಕಣ್ಣೀರು ಹಾಕುತ್ತಿದ್ದ.

ಒಂದು ಬೆಳಿಗ್ಗೆ ಕರಿ ಮೋರೆಯ ಕುರಿಯೊಂದು ಮುಗ್ಗರಿಸಿ ಮೊಣಕಾಲು ಒಡೆದುಕೊಂಡಿತು. ಚನ್ನವೀರನಿಗೆ ತಡೆಯಲಾಗಲಿಲ್ಲ. ಓಡಿ ಬಂದು ಕೋಲು ಹಿಡಿದ.

"ನಿನಗ ಕರುಳಿಲ್ಲೇನು? ಅವು ಶರಣು ಬಂದಾವ!"

ಮೌಲಾಲಿ ಬೆವರು ಒರೆಸಿಕೊಂಡ. "ಹೊಡಿಯಾಕ ನನಗೇನು ಹೌಸೇನ್ರೀ? ನೀರು ಕುಡಿಸಿ, ಕತ್ತಿ ಕಣ್ಣಿಗೆ ಬೀಳದಂಗ ಕೊಯ್ಯಬೇಕು ಅಂತ ನಮ್ಮಪ್ಪ ಕಲಿಸ್ಯಾನ. ಹೆದರಿದ ಕುರಿ ಮ್ಯಾಲೆ ಕೈ ಇಡಾಕ ನನಗೂ ಆಗೂದಿಲ್ಲ. ಆದ್ರ ಇಲ್ಲಿಂದ ಮುಂದ ಬರೂದೇ ಇಲ್ಲ ಅಂದ್ರ ಏನ್ ಮಾಡ್ಲಿ?"

ಚನ್ನವೀರ ನೆಟ್ಟಗೆ ಗುರುಗಳ ಬಳಿ ಹೋದ.

"ಅಜ್ಜಾರ, ನಾ ಇವತ್ತಿನಿಂದ ಕಸಾಯಿಖಾನೆ ಬಾಗಲದಾಗ ಉಪವಾಸ ಕೂಡತೇನಿ. ಶರಣು ಬಂದವರನ್ನ ಕೈಬಿಟ್ರ ಈ ಕಾವಿ ಯಾಕ ಉಡಬೇಕು?"

ಅಜ್ಜನವರಿಗೆ ಕೆಮ್ಮು ಹತ್ತಿತ್ತು. ಅದು ನಿಂತ ಮೇಲೆ ಕೇಳಿದರು. "ಶರಣು ಬಂದಾವ ಅಂತ ಯಾರು ಹೇಳಿದ್ರು?"

"ಊರೆಲ್ಲಾ ಅಂತೈತ್ರಿ."

"ಕುರಿ ಏನಂತಾವ?"

"ಅವನ್ನ ಹೆಂಗ ಕೇಳೂದ್ರೀ?"

"ಅವುಗಳ ಎತ್ತರಕ್ಕ ಇಳಿದು ಕೇಳಬೇಕು. ಬಾ."

ಅಜ್ಜ ಓಣಿಗೆ ಬಂದು, ಹಿಂಡನ್ನು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಲು ಮೌಲಾಲಿಗೆ ಹೇಳಿದರು. ಆಮೇಲೆ ಧೂಳಿನಲ್ಲಿ ಎರಡೂ ಕೈಯೂರಿ, ಕೂಸಿನ ಹಾಗೆ ಅಂಬೆಗಾಲಿಡತೊಡಗಿದರು. ಕಾಯಿ ಒಡೆಸಲು ಬಂದ ಮುದುಕಿಯೊಬ್ಬಳು ಬಾಯಿ ಬಿಟ್ಟುಕೊಂಡು ನಿಂತಳು.

"ಅಜ್ಜಾರ, ಮಂದಿ ನೋಡಾಕತ್ತಾರ್ರೀ!"

"ನೋಡಲಿ. ನೀನೂ ಇಳಿ."

ಚನ್ನವೀರ ನಾಚಿಕೆಯಿಂದ ಮುದ್ದೆಯಾಗಿ ಮೊಣಕಾಲೂರಿದ. ಕೆಳಗಿನಿಂದ ನೋಡಿದರೆ ಅದು ದಿನಾ ನಡೆದಾಡುವ ಓಣಿಯಾಗಿರಲೇ ಇಲ್ಲ. ಎರಡೂ ಕಡೆಯ ಗೋಡೆಗಳು ಮೈಮೇಲೆ ಬಂದಂತಿದ್ದವು. ಮುಂದೇನಿದೆಯೋ ತಿಳಿಯುತ್ತಿರಲಿಲ್ಲ.

ಮಠದ ಬಾಗಿಲ ಹತ್ತಿರ ಬರುತ್ತಲೇ ತಲೆಯ ಮೇಲೆ ಏನೋ ಫಡಫಡ ಬಡಿಯಿತು. ಎದುರು ಬಿಸಿಲಿನಲ್ಲಿ ಒಂದು ಕರಿ ನೆರಳು ನೆಲದ ಮೇಲೆ ಹಾರಿ ನೇರ ಅವನ ಮುಖಕ್ಕೆ ಬಂತು. ಚನ್ನವೀರ ಗಪ್ಪನೆ ಕಣ್ಣು ಮುಚ್ಚಿ ಹಿಂದಕ್ಕೆ ಸರಿದ.

ಕಣ್ಣು ತೆರೆದು ಮೇಲೆ ನೋಡಿದ. ಅವನದೇ ಕಾವಿ.

ಗುರುಗಳು ಕೊಟ್ಟದ್ದು ಒಂದು ಜೊತೆ. ಮೈಮೇಲೊಂದು ಇರುತ್ತಿತ್ತು. ಇನ್ನೊಂದನ್ನು ದಿನಾ ಬೆಳಿಗ್ಗೆ ಹೊಳೆಯಲ್ಲಿ ಹಿಂಡಿ, ಓಣಿಗೆ ಅಡ್ಡ ಕಟ್ಟಿದ ಹಗ್ಗದ ಮೇಲೆ ಹರವುತ್ತಿದ್ದ. ಹಿತ್ತಲಲ್ಲಿ ಬೇಕಾದಷ್ಟು ಜಾಗವಿತ್ತು. ಆದರೆ ಓಣಿಯಲ್ಲಾದರೆ ನಾಲ್ಕು ಜನ ನೋಡುತ್ತಾರೆ.

ಅವನಿಗೆ ಧೂಳಿನಲ್ಲಿ ಕೂತಲ್ಲೇ ಅಳು ಬಂತು.

"ಅಜ್ಜಾರ, ಅವಕ್ಕ ಇಷ್ಟು ದಿನ ಪೆಟ್ಟು ಕೊಡಿಸಿದಾಂವ ನಾನ ರೀ."

ಅಜ್ಜ ಶಿಷ್ಯನ ಹಣೆಗೆ ಮೆತ್ತಿದ್ದ ಧೂಳನ್ನು ತಮ್ಮ ಕಾವಿಯ ಅಂಚಿನಿಂದ ಒರೆಸಿದರು.

ಚನ್ನವೀರ ಎದ್ದ. ಹಸಿ ಕಾವಿಯನ್ನು ಎಳೆದುಕೊಂಡು, ಹಗ್ಗವನ್ನೂ ಬಿಚ್ಚಿದ. ಕರಿ ಮೋರೆಯ ಕುರಿಯ ಬಳಿ ಕೂತು ಆ ಹಸಿ ಬಟ್ಟೆಯಿಂದಲೇ ಅದರ ಮೊಣಕಾಲಿನ ರಕ್ತ ಒರೆಸಿದ. ಆಮೇಲೆ ಅಂಚು ಹಾರಾಡದಂತೆ ಅದನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡ.

ಕುರಿಯ ಕೊರಳ ಮೇಲೆ ಕೈಯಿಟ್ಟು, "ಬಾರವ್ವಾ, ಏನೂ ಇಲ್ಲ, ಬಾ" ಎನ್ನುತ್ತ ಮೆಲ್ಲಗೆ ನಡೆದ. ಅದು ಅವನ ಜೊತೆ ಹೆಜ್ಜೆ ಹಾಕಿತು. ಅದರ ಹಿಂದೆ ಉಳಿದವೂ ಬಂದವು. ಮೌಲಾಲಿ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಸುಮ್ಮನೆ ಹಿಂದಿನಿಂದ ಬಂದ.

ಕಸಾಯಿಖಾನೆಯ ಹೊರಗೆ ಕಲ್ಲಿನ ತೊಟ್ಟಿಯಲ್ಲಿ ನೀರಿತ್ತು. ಕುರಿಗಳು ಕುಡಿದವು. ಕರಿ ಮೋರೆಯದು ನೀರು ಕುಡಿದ ಬಾಯಿಂದಲೇ ಚನ್ನವೀರನ ಅಂಗೈ ನೆಕ್ಕಿತು.

"ಇನ್ನ ನೀವು ಹೋಗ್ರೀ," ಎಂದ ಮೌಲಾಲಿ ಮೆತ್ತಗೆ. "ಒಳಗ ನಾ ನೋಡ್ಕೋತೇನಿ. ಹೆದರಸೂದಿಲ್ಲ."

ಚನ್ನವೀರ ಮರಳಿ ಬಂದಾಗ ಅಜ್ಜ ಮಠದ ಕಟ್ಟೆಯ ಮೇಲೆ ಕೂತಿದ್ದರು. ಅವರ ಕಾಲ ಬಳಿ ಕುಸಿದು ಕೂತ.

"ಒಂದೂ ಅರಚಲಿಲ್ಲ ಅಜ್ಜಾರ. ನೀರು ಕುಡದ್ವು."

"ಹೂಂ."

"ಆದ್ರ ಸಾಯೂದೇನು ತಪ್ಪಲಿಲ್ಲ. ನಾ ಅವಕ್ಕ ಮಾಡಿದ್ದರ ಏನು?"

ಅಜ್ಜನವರಿಗೆ ಮತ್ತೆ ಕೆಮ್ಮು ಬಂತು. ಈ ಸಲ ಬೇಗ ನಿಲ್ಲಲಿಲ್ಲ. ಚನ್ನವೀರ ಅವರ ಬೆನ್ನು ನೀವಿದ. ಉಸಿರು ತಿರುಗಿದ ಮೇಲೆ ಅಜ್ಜ, ಕುರಿ ನೆಕ್ಕಿದ ಆ ಕೈಯನ್ನು ಹಿಡಿದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ನನ್ನ ಸರದೀನೂ ಬರತೈತಿ, ತಮ್ಮಾ. ಅವತ್ತೂ ಹಿಂಗ ಮಾತಾಡ್ಕೋತ ಬಾಗಲದ ತನಕ ಬಾ."