ಹಗ್ಗ ಕಾಯುವವನು

"ಮೇಷ್ಟ್ರೇ, ಒಂದು ಗೋಲನ್ನೂ ಹೊಡೆಯದವನಿಗೆ ಹನ್ನೊಂದು ಮಂದಿಯಲ್ಲಿ ಜಾಗ ಯಾಕೆ?"

ಕೇಳಿದವನು ಪೆಮ್ಮಯ್ಯ, ಊರಿನ ಹಾಕಿ ತಂಡದ ನಾಯಕ. ಕೇಳಿದ್ದು ಮೊಣ್ಣಪ್ಪ ಮೇಷ್ಟ್ರನ್ನು. ಅವನಿಗೆ ಸ್ಟಿಕ್ ಹಿಡಿಯಲು ಕಲಿಸಿದವರು ಅವರೇ. ಮರುದಿನ ಫೈನಲ್ ಇತ್ತು.

ಮಾತು ಕುಟ್ಟಪ್ಪನ ಬಗ್ಗೆ. ಕುಟ್ಟಪ್ಪ ಹಿಂದಿನ ಸಾಲಿನ ಆಟಗಾರ, ಭಾರೀ ಆಳು. ಅವನಿಗೆ ಚೆಂಡಿಗಿಂತ ಎದುರಾಳಿಯ ಭುಜವೇ ಚೆನ್ನಾಗಿ ಕಾಣುತ್ತದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಹಿಂದಿನ ದಿನ ಸೆಮಿಫೈನಲ್‌ನಲ್ಲಿ ಎದುರಾಳಿಯೊಬ್ಬ ಪೆಮ್ಮಯ್ಯನ ಕಾಲಿಗೆ ಸ್ಟಿಕ್ ಬೀಸಿದ್ದ. ಕುಟ್ಟಪ್ಪ ಓಡಿಬಂದು ಅವನಿಗೆ ಭುಜ ಕೊಟ್ಟು ನೆಲಕ್ಕೆ ಕೆಡವಿದ. ಅಂಪೈರ್ ಹಳದಿ ಕಾರ್ಡ್ ತೋರಿಸಿದರು. ಅವನು ಹೊರಗೆ ಕೂತಷ್ಟು ಹೊತ್ತು ತಂಡ ಹತ್ತೇ ಮಂದಿಯಲ್ಲಿ ಆಡಬೇಕಾಯಿತು.

"ಅವನನ್ನು ಕೂರಿಸಿ, ಓಡಬಲ್ಲವನೊಬ್ಬನನ್ನು ಹಾಕುತ್ತೇನೆ. ನಾಳೆ ಸೋತರೆ ಜನ ನನ್ನ ಮುಖಕ್ಕೆ ಉಗಿಯುತ್ತಾರೆ, ಅವನ ಮುಖಕ್ಕಲ್ಲ. ನೀವು ಹೂಂ ಅಂದರೆ ಸಾಕು," ಎಂದ ಪೆಮ್ಮಯ್ಯ.

ಮೇಷ್ಟ್ರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

"ನಾಯಕ ನೀನು, ತೀರ್ಮಾನವೂ ನಿನ್ನದೇ. ಕೂತುಕೋ, ಒಂದು ಕತೆ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ. ನಿನಗೆ ಆ ಚಟ ಇದೆ," ಎಂದು ಹೇಳಿ ಶುರುಮಾಡಿದರು.

ಬೆಟ್ಟದ ಮೇಲೆ ಕಾಡಿನ ಜನರ ಒಂದು ಹಾಡಿ. ಅಲ್ಲಿಯವರ ಕಸುಬು ಜೇನು. ಮರದ ಜೇನಲ್ಲ, ಬಂಡೆಯ ಜೇನು. ಕಡಿದಾದ ಬಂಡೆಯ ಹೊಟ್ಟೆಗೆ ಹೆಜ್ಜೇನು ತನ್ನ ಗೂಡು, ಅಂದರೆ ತಟ್ಟಿ, ಕಟ್ಟುತ್ತದೆ. ಅದನ್ನು ಕೀಳಬೇಕಾದರೆ ಮೇಲಿನ ಮರಕ್ಕೆ ಬಳ್ಳಿಯ ಹಗ್ಗ ಬಿಗಿದು ಒಬ್ಬ ಕೆಳಗೆ ಇಳಿಯಬೇಕು. ಸೊಂಟಕ್ಕೆ ಹಗ್ಗದ ಒಂದು ಸುತ್ತು, ಕಾಲಿಗೆ ಒಂದು ಕುಣಿಕೆ. ಒಂದು ಕೈಯಲ್ಲಿ ಹಸಿ ಸೊಪ್ಪು ಸುತ್ತಿ ಹೊಗೆಯಾಡಿಸುವ ಸೂಡಿ, ಇನ್ನೊಂದು ಕೈಯಲ್ಲಿ ಬಿದಿರಿನ ಕತ್ತಿ. ಕೆಳಗೆ ನೋಡಿದರೆ ಪಾತಾಳ.

ಅಂಚಿಗೆ ಉಜ್ಜಿ ಹರಿಯದಂತೆ, ಯಾರೂ ಮುಟ್ಟದಂತೆ ಮೇಲೆ ಹಗ್ಗ ಹಿಡಿದು ಕಾಯಲು ಒಬ್ಬ ಬೇಕು. ದಾರಿಯಲ್ಲಿ ಸಿಕ್ಕಿದವರನ್ನು ಕೂರಿಸುವ ಹಾಗಿಲ್ಲ. ಇಳಿಯುವವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು, ಅದು ಕಟ್ಟಳೆ. ಯಾಕೆ ಗೊತ್ತೇ? ದಾಯಾದಿ ಹಗ್ಗ ಬಿಟ್ಟರೆ ಅವನಿಗೆ ಒಂದು ಪಾಲು ಹೆಚ್ಚು ಸಿಗುತ್ತದೆ. ಹೆಂಡತಿಯ ತಮ್ಮ ಹಗ್ಗ ಬಿಟ್ಟರೆ ಅವನ ಅಕ್ಕ ಮುಂಡೆಯಾಗುತ್ತಾಳೆ. ಹಿರಿಯರೇನು ಹುಚ್ಚರೇ? ಮನುಷ್ಯರನ್ನು ಅರೆದು ಕುಡಿದವರು.

ಆ ಹಾಡಿಯಲ್ಲಿ ಒಬ್ಬ ಜೇನುಗಾರನಿದ್ದ. ಅವನಂಥ ಕೈ ಸುತ್ತಮುತ್ತ ಯಾರಿಗೂ ಇರಲಿಲ್ಲ. ತಟ್ಟಿ ಕತ್ತರಿಸಿದರೆ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಮರಿಹುಳುವಿದ್ದ ಭಾಗವನ್ನು ಬಿಟ್ಟು ತುಪ್ಪದ ಭಾಗವನ್ನಷ್ಟೇ ಬಿಡಿಸುತ್ತಿದ್ದ. ಹೊಗೆಯನ್ನು ಎಷ್ಟು ಬೇಕೋ ಅಷ್ಟೇ ಕೊಡುತ್ತಿದ್ದ. ಅವನು ಇಳಿದ ಬಂಡೆಗೆ ಮರುವರ್ಷವೂ ಜೇನು ಬರುತ್ತಿತ್ತು.

ಅವನ ಹಗ್ಗ ಕಾಯುತ್ತಿದ್ದವನು ಹೆಂಡತಿಯ ತಮ್ಮ. ಅವನೋ, ಅಯ್ಯಯ್ಯೋ! ಗುಂಡುಕಲ್ಲಿನಂಥ ಮೈ. ಬಾಯಿ ಬಿಟ್ಟರೆ ಬೈಗುಳ. ಮರಕ್ಕೆ ಬಿಗಿದ ಹಗ್ಗದ ಗಂಟಿನ ಪಕ್ಕ ದೊಣ್ಣೆ ಇಟ್ಟುಕೊಂಡು ಕೂರುತ್ತಿದ್ದ. ಹಗ್ಗದ ಹತ್ತಿರ ಆಚೆ ಹಾಡಿಯವನು ಬಂದರೂ ಬೈಗುಳ, ತನ್ನ ಹಾಡಿಯವನು ಬಂದರೂ ಬೈಗುಳ. ಆ ಬಂಡೆ ತಮ್ಮದು ಎಂದು ಆಚೆ ಹಾಡಿಯವರು ಹಳೆಯ ತಕರಾರು ತೆಗೆಯುತ್ತಿದ್ದರು. ಅವರಲ್ಲೊಬ್ಬ ಒಮ್ಮೆ ತಮಾಷೆಗೆ ಹಗ್ಗ ಮುಟ್ಟಿ ಅಲ್ಲಾಡಿಸಿದ. ಮೈದುನ ಅವನ ಮುಂದಿನ ಹಲ್ಲು ಉದುರಿಸಿ ಕಳಿಸಿದ. ಅಂದಿನಿಂದ ಆ ಮರದ ಕಡೆ ಯಾರೂ ತಲೆ ಹಾಕಲಿಲ್ಲ.

ಒಂದು ಸಲ ಗಾಳಿ ತಿರುಗಿತು. ಕೆಳಗಿನ ಹೊಗೆಗೆ ಎದ್ದ ಹುಳುಗಳು ನೇರ ಮೇಲಕ್ಕೆ ಹೋಗಿ ಮೈದುನನ ಮುಖಕ್ಕೆ ಮುತ್ತಿದವು. ಅವನ ಎರಡು ಕೈಯೂ ಹಗ್ಗದ ಮೇಲಿದ್ದವು, ಬಂಡೆಯ ಅಂಚಿಗೆ ಅದು ಉಜ್ಜದಂತೆ ಹಿಡಿದಿದ್ದ. ಕೈ ಎತ್ತಲಿಲ್ಲ. ಜೇನುಗಾರ ಮೇಲೆ ಬಂದು ನೋಡಿದರೆ, ಮೈದುನನ ಕಣ್ಣು ಎಲ್ಲಿ, ಮೂಗು ಎಲ್ಲಿ ಎಂದೇ ತಿಳಿಯುವಂತಿರಲಿಲ್ಲ. ಜೇನುಗಾರನಿಗೆ ನಗು ತಡೆಯಲಾಗಲಿಲ್ಲ.

"ಏನಯ್ಯಾ, ಮುಖ ಹಲಸಿನ ಹಣ್ಣಾಗಿದೆ!"

"ನಗು ಭಾವ, ನಗು. ಜೇನು ಸಿಹಿ ಇದೆಯೋ ಇಲ್ಲವೋ, ಅದನ್ನು ಹೇಳು," ಎಂದ ಮೈದುನ.

ವರ್ಷಗಳು ಹೋದವು. ಜೇನುಗಾರನ ಹೆಸರು ಸಂತೆಯವರೆಗೂ ಹಬ್ಬಿತು. ವ್ಯಾಪಾರಿಯೊಬ್ಬ ಅವನನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು ಹೊಗಳಿದ. ನಿನ್ನ ಕೈಗೆ ಚಿನ್ನದ ಬಳೆ ತೊಡಿಸಬೇಕು ಎಂದ. ನಿನ್ನಂಥವನ ಜೊತೆ ಆ ರೌಡಿ ಯಾಕೆ, ಅವನ ಬಾಯಿಗೆ ಹೆದರಿ ನಿಮ್ಮ ಹಾಡಿಗೆ ಬರಲು ನನ್ನ ಆಳುಗಳೇ ಒಪ್ಪುವುದಿಲ್ಲ ಎಂದೂ ಸೇರಿಸಿದ. ಹೊಗಳಿಸಿಕೊಂಡವನಿಗೆ ಕಿವಿ ಇರುತ್ತದೆ, ಬುದ್ಧಿ ಇರುವುದಿಲ್ಲ. ಜೇನುಗಾರ ಮನೆಗೆ ಬರುವಷ್ಟರಲ್ಲಿ ತೀರ್ಮಾನ ಮಾಡಿಕೊಂಡೇ ಬಂದಿದ್ದ.

ಹೆಂಡತಿಗೆ ಹೇಳಿದ, "ನಿನ್ನ ತಮ್ಮ ಒಂದು ದಿನವೂ ಕೆಳಗೆ ಇಳಿದಿಲ್ಲ. ಒಂದು ತಟ್ಟಿಯನ್ನೂ ಕಿತ್ತಿಲ್ಲ. ಕೂತು ಬೈಯುವುದಕ್ಕೆ ಸಮಪಾಲು. ಇಷ್ಟು ವರ್ಷದಲ್ಲಿ ಯಾರಾದರೂ ನನ್ನ ಹಗ್ಗ ಕತ್ತರಿಸಲು ಬಂದರೇ? ಬಾರದ ಕಳ್ಳನಿಗೆ ಕಾವಲು ಬೇರೆ!"

ಅವಳು ಒಲೆ ಊದುತ್ತಿದ್ದಳು. ತಿರುಗಿ ಕೂತಳು. "ಅವನ ಬಾಯಿ ಕೆಟ್ಟದ್ದು, ನನಗೆ ಗೊತ್ತಿಲ್ಲವೇ? ಆದರೆ ನೀನು ಬಂಡೆಗೆ ಇಳಿದ ದಿನ ನಾನು ಇಲ್ಲಿ ನೆಮ್ಮದಿಯಾಗಿ ಗಂಜಿ ಕಾಯಿಸುತ್ತೇನೆ. ಅದು ನಿನ್ನ ಕೈ ನಂಬಿ ಅಂದುಕೊಂಡೆಯಾ?"

ಜೇನುಗಾರನಿಗೆ ಆ ಮಾತು ಚುಚ್ಚಿತು. ಹಟ ಹೆಚ್ಚಾಯಿತು. ಅಟ್ಟ ಹತ್ತಿದವನಿಗೆ ಏಣಿ ಒದೆಯುವ ಆಸೆ ಬಂದರೆ ಯಾರು ತಡೆಯುತ್ತಾರೆ? ಮರುದಿನವೇ ಮೈದುನನನ್ನು ಕರೆದು, ಈ ಸಲ ನೀನು ಬೇಡ ಎಂದ. ಮೈದುನ ಬೈಯಲಿಲ್ಲ. ಬೈದಿದ್ದರೆ ಜೇನುಗಾರನಿಗೆ ಸಮಾಧಾನವಾಗುತ್ತಿತ್ತು. ದೊಣ್ಣೆ ಹೆಗಲಿಗಿಟ್ಟುಕೊಂಡು ಸುಮ್ಮನೆ ಹೋದ.

ಅವನ ಜಾಗಕ್ಕೆ ಬಂದವನು ಜೇನುಗಾರನ ಚಿಕ್ಕಪ್ಪನ ಮಗ, ವರಸೆಯಲ್ಲಿ ತಮ್ಮ, ಅಂದರೆ ದಾಯಾದಿ. ಹಾಡಿಯ ಮುದುಕರು ಗೊಣಗಿದರು. ಆದರೆ ಆ ತಮ್ಮನ ಮೇಲೆ ಬೆರಳು ತೋರಿಸಲು ಏನೂ ಇರಲಿಲ್ಲ. ಒಳ್ಳೆಯವನು, ಮೃದು ಮಾತಿನವನು, ಚುರುಕಾದವನು. ಜೇನಿನ ಬುಟ್ಟಿಯನ್ನು ಮೈದುನನಿಗಿಂತ ಬೇಗ ಮೇಲಕ್ಕೆ ಎಳೆಯಬಲ್ಲವನು. ಇವನಿದ್ದರೆ ಎರಡು ಬುಟ್ಟಿ ಹೆಚ್ಚಿಗೆ ಬರುತ್ತದೆ ಎಂದು ಜೇನುಗಾರ ಲೆಕ್ಕ ಹಾಕಿದ.

ಇಳಿದರು. ಅಂದರೆ ಜೇನುಗಾರ ಇಳಿದ, ತಮ್ಮ ಮೇಲೆ ಕೂತ. ಬಂಡೆಯಲ್ಲಿ ಆ ವರ್ಷದ ತಟ್ಟಿ ಮೊರದಗಲ ಇತ್ತು. ಒಂದು ವರ್ಷದ ಊಟ ಅದರಲ್ಲಿ ತೂಗುತ್ತಿತ್ತು. ಜೇನುಗಾರ ಸೂಡಿ ಎತ್ತಿ ಹೊಗೆ ಕೊಟ್ಟ. ಹುಳುಗಳು ಸರಿದವು. ಕತ್ತಿ ಇಟ್ಟ. ಮೊದಲ ಬುಟ್ಟಿ ತುಂಬಿತು. ತಮ್ಮ ಸರಸರನೆ ಎಳೆದುಕೊಂಡ. ನೋಡಿದಿರಾ ಎಂದು ಜೇನುಗಾರ ಮನಸ್ಸಿನಲ್ಲೇ ಎಲ್ಲರಿಗೂ ಹೇಳಿಕೊಂಡ.

ಆಗ ಮೇಲೆ ದನಿಗಳು ಕೇಳಿದವು. ತಮ್ಮನ ದನಿಯಲ್ಲ. ಆಚೆ ಹಾಡಿಯವರ ದನಿ.

ಮೈದುನ ಇದ್ದಾಗ ಇಂಥ ಹೊತ್ತಿನಲ್ಲಿ ಒಂದು ಬೈಗುಳ ಬಂಡೆಗೆ ಬಡಿದು ಕೆಳಗಿನವರೆಗೂ ಉರುಳಿಬರುತ್ತಿತ್ತು. ಜೇನುಗಾರ ಅದನ್ನು ಕೇಳಿ, ಶುರುವಾಯಿತಪ್ಪ ಇವನದು ಎಂದುಕೊಂಡು ಕತ್ತಿ ಆಡಿಸುತ್ತಲೇ ಇರುತ್ತಿದ್ದ. ಈಗ ಬೈಗುಳ ಬರಲಿಲ್ಲ. ಬನ್ನಿ, ಕೂತುಕೊಳ್ಳಿ ಎಂದು ತಮ್ಮ ಉಪಚರಿಸಿದ್ದು ಕೇಳಿಸಿತು. ಯಾರೋ ನಕ್ಕರು.

ಜೇನುಗಾರ ತಲೆ ಎತ್ತಿ ನೋಡಿದ. ಬಂಡೆಯ ಅಂಚು ಬಿಟ್ಟರೆ ಏನೂ ಕಾಣಲಿಲ್ಲ.

ಕತ್ತಿ ಇಟ್ಟ. ಹಗ್ಗ ಸ್ವಲ್ಪ ನಡುಗಿದ ಹಾಗಾಯಿತು. ಗಾಳಿಯೋ? ಯಾರಾದರೂ ಅದರ ಮೇಲೆ ಕಾಲಿಟ್ಟರೋ? ಹಲ್ಲು ಉದುರಿಸಿಕೊಂಡವನು ಬಂದಿರಬಹುದೋ? ಮತ್ತೆ ಮೇಲೆ ನೋಡಿದ.

"ಯಾರೋ ಅದು?" ಎಂದು ಕೂಗಿದ.

"ಯಾರೂ ಇಲ್ಲ ಅಣ್ಣಾ, ನಮ್ಮವರೇ! ನೀನು ಕೆಲಸ ನೋಡು!" ಎಂದ ತಮ್ಮ ಮೇಲಿನಿಂದ.

ನಮ್ಮವರು! ಎಂದಿನಿಂದ ನಮ್ಮವರಾದರು? ಇಷ್ಟು ವರ್ಷ ಆ ಬಂಡೆಗೆ ಇಳಿದಿದ್ದ ಜೇನುಗಾರ, ತನ್ನ ಕೆಳಗೆ ಪಾತಾಳವಿದೆ ಎಂಬುದು ಇಂದೇ ಗೊತ್ತಾದವನಂತೆ ಕಾಲನ್ನು ಕುಣಿಕೆಗೆ ಇನ್ನಷ್ಟು ಒತ್ತಿಕೊಂಡ. ಕೈಗೆ ಗೊತ್ತಿದ್ದ ಕೆಲಸವನ್ನು ಕೈ ಮಾಡುತ್ತಿತ್ತು, ಆದರೆ ಕಣ್ಣು ಮೇಲೆ ಮೇಲೆ ಹೋಗುತ್ತಿತ್ತು. ಕಣ್ಣು ಮೇಲೆ ಹೋದಾಗ ಸೂಡಿ ಪಕ್ಕಕ್ಕೆ ವಾಲಿತು. ಸೂಡಿ ವಾಲಿದಾಗ ಹೊಗೆ ಬೇರೆ ಕಡೆ ಹೋಯಿತು. ಹೊಗೆ ಹೋದ ಕಡೆ ಹುಳು ಇರಲಿಲ್ಲ. ಹುಳು ಇದ್ದ ಕಡೆ ಹೊಗೆ ಇರಲಿಲ್ಲ.

ಮೊದಲ ಹುಳು ಮಣಿಕಟ್ಟಿಗೆ ಕಚ್ಚಿತು. ಅದು ಅವನಿಗೆ ಹೊಸದೇನಲ್ಲ. ಹಗ್ಗ ಮತ್ತೆ ಅಲ್ಲಾಡಿತು ಎನಿಸಿ ಅವನು ಸೂಡಿ ಹಿಡಿದಿದ್ದ ಕೈಯಿಂದಲೇ ಹಗ್ಗವನ್ನು ತಬ್ಬಿಕೊಳ್ಳಲು ಹೋದ. ಸೂಡಿ ಕೈತಪ್ಪಿ ಬಿತ್ತು. ಅದು ತಿರುಗುತ್ತಾ, ಹೊಗೆ ಬಿಡುತ್ತಾ ಕೆಳಗೆ ಹೋಗುವುದನ್ನು ಜೇನುಗಾರ ನೋಡಿದ. ಮರುಕ್ಷಣ ಇಡೀ ತಟ್ಟಿ ಅವನ ಮೇಲೆ ಎದ್ದಿತು.

ಹೇಗೆ ಮೇಲೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಕಣ್ಣು ಮುಚ್ಚಿಹೋಗಿತ್ತು. ಅಂಚಿನ ಹತ್ತಿರ ಬಂದಾಗ ಕೈಸೋತು ಜಾರತೊಡಗಿದ. ಆಗ ಯಾರದ್ದೋ ಕೈಗಳು ಅವನ ರಟ್ಟೆ ಹಿಡಿದು ಮೇಲಕ್ಕೆಳೆದು ಹಾಕಿದವು. ಹುಳು ಕಚ್ಚಿಸಿಕೊಳ್ಳುತ್ತಲೇ ಅವನಿಗೆ ಕಂಬಳಿ ಹೊದಿಸಿದವು. ಆ ಕೈಗಳು ಆಚೆ ಹಾಡಿಯವರವು.

ಅವರು ಹಗ್ಗ ಕತ್ತರಿಸಲು ಬಂದವರಲ್ಲ. ಅವರ ಮನೆಯ ಮಗುವಿಗೆ ಕೆಮ್ಮು ಹಿಡಿದಿತ್ತು. ಬೈಯುವವನು ಇವತ್ತು ಇಲ್ಲ ಎಂದು ತಿಳಿದು, ಒಂದು ಗಿಂಡಿ ಜೇನು ಕೇಳಲು ಬಂದಿದ್ದರು. ಮರದಿಂದ ಮಾರು ದೂರದಲ್ಲಿ ಕೂತಿದ್ದರು. ತಮ್ಮನ ಕೈ ಹಗ್ಗ ಬಿಟ್ಟಿರಲಿಲ್ಲ.

ಜೇನುಗಾರ ಬದುಕಿದ. ಒಂದು ಕಣ್ಣು ಹೋಯಿತು. ಒಂದು ಬುಟ್ಟಿ ಬಿಟ್ಟರೆ ಆ ವರ್ಷದ ಜೇನೆಲ್ಲ ಬಂಡೆಯಲ್ಲೇ ಉಳಿಯಿತು. ಅವನು ಮುಂದೆ ಹಗ್ಗಕ್ಕೆ ಕಾಲು ಹಾಕಲಿಲ್ಲ. ಸುತ್ತಮುತ್ತ ಎಲ್ಲೂ ಇಲ್ಲದಂಥ ಆ ಕೈ ಬುಟ್ಟಿ ಹೆಣೆಯುವುದಕ್ಕೆ ಕೂತಿತು.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು.

ಪೆಮ್ಮಯ್ಯ ಇನ್ನೂ ಏನೋ ಬರುತ್ತದೆಂದು ಕಾದ. ಬರಲಿಲ್ಲ. ಅವನಿಗೆ ರೇಗಿತು. "ಇದೇನು ಕತೆ ಮೇಷ್ಟ್ರೇ? ಯಾರೂ ಹಗ್ಗ ಮುಟ್ಟಲಿಲ್ಲ. ಕೆಟ್ಟದ್ದು ಬಯಸಿದವರೇ ಇಲ್ಲ. ಆ ರೌಡಿ ಇದ್ದಿದ್ದರೆ ಮಾಡುವುದಕ್ಕಾದರೂ ಏನಿತ್ತು? ಪಾಪ, ಜೇನು ಕೇಳಲು ಬಂದವರಿಗೆ ಬೈದು ಓಡಿಸುತ್ತಿದ್ದ, ಅಷ್ಟೇ."

"ಅಷ್ಟೇ," ಎಂದರು ಮೇಷ್ಟ್ರು.

"ಮತ್ತೆ? ಮೈದುನ ಕಾದರೂ ತಮ್ಮ ಕಾದರೂ ಅದೇ ಹಗ್ಗ, ಅದೇ ಬಂಡೆ. ಕುಟ್ಟಪ್ಪನಿಗೂ ಇದಕ್ಕೂ ಏನು ಸಂಬಂಧ?"

ಮೇಷ್ಟ್ರು ಎದ್ದು ನಿಂತರು. ಪೆಮ್ಮಯ್ಯನ ಬಾತುಕೊಂಡಿದ್ದ ಕಾಲನ್ನು ಒಮ್ಮೆ ನೋಡಿದರು.

"ನಿನ್ನೆ ಈ ಏಟು ತಿಂದ ಮೇಲೂ, ಕುಟ್ಟಪ್ಪ ಮತ್ತೆ ಒಳಗೆ ಬಂದು ಹಿಂದೆ ನಿಂತಾಗ, ನಾಲ್ವರ ನಡುವೆ ಚೆಂಡು ತೆಗೆದುಕೊಂಡು ಹೋಗಿ ಗೋಲು ಹೊಡೆದೆಯಲ್ಲ, ಆಗ ಎಷ್ಟು ಸಲ ಹಿಂತಿರುಗಿ ನೋಡಿದೆ?"