ಬರಿಗಾಲ ಬೋರೆ

ಕೋಡಿಗಲ್ಲು ಹಟ್ಟಿಯಿಂದ ಮೂಡಣಕ್ಕೆ ಅರ್ಧ ಹರದಾರಿ ನಡೆದರೆ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾದ ಒಂದು ಕಣಿವೆ ಸಿಗುತ್ತದೆ. ಅದರ ಬಾಯಲ್ಲೇ ಕುರುಚಲು ಬೆಳೆದ ದಿಬ್ಬವೊಂದಿದೆ. ಬರಿಗಾಲ ಬೋರೆ ಎಂದು ಅದರ ಹೆಸರು. ಬೋರೆಯ ಬುಡದಲ್ಲಿ ಯಾವಾಗ ಹೋದರೂ ನಾಲ್ಕಾರು ಒಂಟಿ ಚಪ್ಪಲಿಗಳು ಕಾಣುತ್ತವೆ. ಕುರಿಗಾಹಿಯ ಟೈರಿನ ಮೆಟ್ಟು, ಹೆಂಗಸರ ರಬ್ಬರ್ ಚಪ್ಪಲಿ, ಒಮ್ಮೊಮ್ಮೆ ಸರ್ವೆಗೆ ಬಂದ ಅಧಿಕಾರಿಯ ಬೂಟು, ಎಲ್ಲವೂ ಎಡಗಾಲಿನವೇ. ಮೇಲೆ ಹತ್ತುವವರು ಎಡಗಾಲನ್ನು ಬರಿದು ಮಾಡಿಕೊಂಡೇ ಹತ್ತಬೇಕು. ಬಲಗಾಲಿಗೆ ಯಾವ ನಿರ್ಬಂಧವೂ ಇಲ್ಲ. ಜಾಲಿಮುಳ್ಳು ಚುಚ್ಚಿದರೆ ಅದೂ ಸೇವೆಯೇ ಎನ್ನುತ್ತಾರೆ.

ಕೋಡಿಗಲ್ಲು ದುರ್ಗವನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ ದೊರೆಯ ತಮ್ಮ ಸಿರುಮನಾಯಕ ಮುನ್ನೂರು ಕುದುರೆಗಳ ದಳಕ್ಕೆ ಒಡೆಯನಾಗಿದ್ದ. ನಡೆಯುವ ಮೊದಲೇ ಜೀನು ಏರಿದವನು ಎಂದು ಹೊಗಳುಭಟರು ಹೇಳುತ್ತಿದ್ದರಂತೆ, ಅಷ್ಟೆಲ್ಲ ನಂಬಬೇಕಾಗಿಲ್ಲ. ಆದರೆ ಹದಿನಾರಕ್ಕೆ ಮೊದಲ ಕಾಳಗ ಕಂಡದ್ದು, ಇಪ್ಪತ್ತಕ್ಕೆ ವೈರಿಯ ನಿಶಾನೆ ಕಿತ್ತು ತಂದದ್ದು, ಮೈಮೇಲೆ ಮೂರು ದೊಡ್ಡ ಗಾಯ ಹೊತ್ತದ್ದು ಸುಳ್ಳಲ್ಲ. ಮೂವತ್ತು ತುಂಬಿದ ವರ್ಷ ಅಣ್ಣನೇ ಸಭೆ ಕರೆದು ಅವನ ಎಡಗಾಲಿಗೆ ಚಿನ್ನದ ಗಂಡಪೆಂಡೇರ ತೊಡಿಸಿದ. ವೀರರಿಗೆ ಕೊಡುವ ಆ ಕಡಗಕ್ಕೆ ಅಲ್ಲೊಂದು ಕಟ್ಟಳೆ ಇತ್ತು. ಕಾಲಿಗೆ ತೊಡಿಸಿ ಮೊಳೆ ಬಡಿದರೆ ಮುಗಿಯಿತು, ಸತ್ತ ಮೇಲೆಯೇ ಬಿಚ್ಚುವುದು. ಅದು ಕಾಲಲ್ಲಿರುವ ತನಕ ವೈರಿಯ ಎದುರು ಕುದುರೆಯ ಮುಖ ತಿರುಗಿಸುವಂತಿಲ್ಲ. ನಾಯಕನ ಕುದುರೆ ತಿರುಗದೆ ದಳದ ಒಂದು ಕುದುರೆಯೂ ತಿರುಗುವಂತಿಲ್ಲ. ತಿರುಗಿಸಿದವನ ಮನೆಗೆ ಊರಲ್ಲಿ ಬೆಂಕಿ ನೀರು ಸಿಗುತ್ತಿರಲಿಲ್ಲ. ಗೆಲ್ಲುತ್ತಿದ್ದ ದಿನಗಳಲ್ಲಿ ಈ ಕಟ್ಟಳೆ ಬಲು ಚೆಂದ ಕಾಣುತ್ತಿತ್ತು.

ಹೀಗಿರುವಾಗ ಒಮ್ಮೆ ಮೂಡಣ ಸೀಮೆಯ ದೊಡ್ಡ ದಂಡೊಂದು ಕೋಡಿಗಲ್ಲಿನ ಮೇಲೆ ಏರಿ ಬಂತು. ಹಟ್ಟಿಯ ಹೆಂಗಸರು, ಮಕ್ಕಳು, ದನಕರು ಕೋಟೆ ಸೇರುವ ತನಕ ಕಣಿವೆಯನ್ನು ಹಿಡಿದು ನಿಲ್ಲಬೇಕೆಂದು ದೊರೆ ತಮ್ಮನಿಗೆ ಹೇಳಿ ಕಳಿಸಿದ. ಎಲ್ಲರೂ ಒಳಗೆ ಬಂದ ಕೂಡಲೇ ಭೇರಿ ಬಾರಿಸುವುದು, ಆಗ ದಳ ಹಿಂದಿರುಗುವುದು ಎಂದು ಮೊದಲೇ ಗೊತ್ತು ಮಾಡಿಕೊಂಡಿದ್ದರು. ಪೆಂಡೇರದ ಮಾತು ಅಣ್ಣನಿಗೂ ನೆನಪಾಗಲಿಲ್ಲ, ತಮ್ಮನಿಗೂ ನೆನಪಾಗಲಿಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ಸಿರುಮನಾಯಕ ಈ ಬೋರೆಯ ಮೇಲೆ ನಿಂತು ಮೂರು ಸಲ ಬಂದ ದಂಡನ್ನು ಮೂರು ಸಲವೂ ತಳ್ಳಿದ. ಬಿಸಿಲು ನೆತ್ತಿಯಿಂದ ಜಾರುವ ಹೊತ್ತಿಗೆ ಕೋಟೆಯ ಭೇರಿ ಕೇಳಿಸಿತು.

ದಳದವರ ಮುಖದಲ್ಲಿ ಜೀವ ಬಂತು. ಎಲ್ಲರೂ ನಾಯಕನ ಲಗಾಮನ್ನೇ ನೋಡಿದರು. ಲಗಾಮು ಅಲುಗಲಿಲ್ಲ. ಕೈ ತಾನಾಗಿ ಎಡಕ್ಕೆ ಎಳೆಯಲು ಹೋಯಿತು, ಅಷ್ಟರಲ್ಲಿ ಕಾಲಿನ ಕಡಗ ಜೀನಿನ ರಿಕಾಪಿಗೆ ತಗುಲಿ ಖಣ್ ಎಂದಿತು. ಸಿರುಮನಾಯಕನಿಗೆ ಆಗ ಕಟ್ಟಳೆ ನೆನಪಾಯಿತು. ಅವನ ಅಜ್ಜ ಪೆಂಡೇರ ತೊಟ್ಟೇ ಕಾಳಗದಲ್ಲಿ ಸತ್ತಿದ್ದ. ಹಾಗೆಯೇ ಸಾಯುವುದು ಅವನಿಗೆ ಕಷ್ಟವಿರಲಿಲ್ಲ. ಆದರೆ ಬೆನ್ನ ಹಿಂದೆ ಮುನ್ನೂರು ಜನರಿದ್ದರು, ಬಹುತೇಕ ಎಲ್ಲರೂ ಒಂದೇ ಹಟ್ಟಿಯವರು. ಭೇರಿ ಮೊಳಗುತ್ತಲೇ ಇತ್ತು. ಎದುರಿನ ಗುಡ್ಡದಿಂದ ತುಪಾಕಿಗಳು ಸಿಡಿದವು. ಅವನು ಹಿಂದುಮುಂದು ನೋಡುತ್ತ ನಿಂತ ಆ ಹೊತ್ತಿನಲ್ಲಿ ಮುಂದಿನ ಸಾಲಿನ ಹನ್ನೊಂದು ಮಂದಿ ಉರುಳಿದರು. ಮೊದಲು ಬಿದ್ದವನು ಕೆಂಚಣ್ಣ, ಕುದುರೆಗಳನ್ನು ಪಳಗಿಸುವ ಮುದಿ ಸಾಹಣಿ ಪಾಲಯ್ಯನ ಒಬ್ಬನೇ ಮಗ.

ಪಾಲಯ್ಯ ಕುದುರೆಯಿಂದ ಇಳಿದ. ಮಗನ ಕಣ್ಣು ಮುಚ್ಚಿದ. ಹಸಿಬೆ ಚೀಲದಿಂದ ಲಾಳ ಬಿಚ್ಚುವ ಉಳಿ ಮತ್ತು ಸುತ್ತಿಗೆ ತೆಗೆದುಕೊಂಡು ನೇರ ನಾಯಕನ ಬಳಿಗೆ ಬಂದ.

"ಧಣಿ, ಇಳೀರಿ."

"ಏನ್ ಮಾಡ್ತೀಯೋ ಪಾಲಯ್ಯ?"

"ನನ್ ಮಗ ಹೋದ. ಮಿಕ್ಕೋರಾದ್ರೂ ಮನೀಗೆ ಹೋಗ್ಲಿ. ಕಾಲು ಕೊಡ್ರಿ ಇತ್ಲಾಗೆ."

ಸಿರುಮನಾಯಕ ಇಳಿದು ಎಡಗಾಲನ್ನು ಬಂಡೆಯ ಮೇಲಿಟ್ಟ. ದಂಡು ನಾಲ್ಕನೆಯ ಸಲ ಕಣಿವೆಗೆ ನುಗ್ಗುತ್ತಿತ್ತು. ಸಾಹಣಿಯ ಮೊದಲ ಏಟು ಜಾರಿ ಕಲ್ಲಿಗೆ ಬಿತ್ತು, ಎರಡನೆಯದು ಹಿಮ್ಮಡಿಯನ್ನು ಸೀಳಿತು. ನಾಯಕ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮೂರನೆಯ ಏಟಿಗೆ ಮೊಳೆ ಹಾರಿತು. ಪೆಂಡೇರವನ್ನು ಬಂಡೆಯ ಮೇಲೆಯೇ ಬಿಟ್ಟು, ರಕ್ತ ಸುರಿಯುವ ಕಾಲಿನಲ್ಲಿ ಜೀನು ಏರಿ, ಎಲ್ಲರಿಗೂ ಕಾಣುವ ಹಾಗೆ ಕುದುರೆಯ ಮುಖ ತಿರುಗಿಸಿದ. ಇಡೀ ದಳ ಅವನ ಹಿಂದೆ ತಿರುಗಿತು.

ಹೆಬ್ಬಾಗಿಲಲ್ಲಿ ನಿಂತಿದ್ದ ಅಣ್ಣ ತಮ್ಮನ ಬರಿಗಾಲನ್ನು ನೋಡಿ ಮುಖ ತಿರುಗಿಸಿದ. ದಳದವರಿಗೆ ಹೆಬ್ಬಾಗಿಲು, ಇವನಿಗೆ ದಿಡ್ಡಿ ಬಾಗಿಲು ಎಂದು ಅಪ್ಪಣೆಯಾಯಿತು. ಸಿರುಮನಾಯಕ ತಲೆ ತಗ್ಗಿಸಿ ದಿಡ್ಡಿಯಲ್ಲಿ ನುಸುಳಿದ. ಹಿಂದೆ ನೋಡಿದರೆ ಪಾಲಯ್ಯ, ಅವನ ಹಿಂದೆ ಕುದುರೆಗಳನ್ನು ಹೊರಗೇ ಬಿಟ್ಟು ಒಬ್ಬೊಬ್ಬರಾಗಿ ನುಸುಳುತ್ತಿದ್ದ ದಳದವರು. ಮುತ್ತಿಗೆ ಹಾಕಿದ ದಂಡು ಮಳೆಗಾಲ ಹಿಡಿದ ಮೇಲೆ ಬೇಸತ್ತು ಹೋಯಿತು. ಮುಂದೆ ಕಾಳಗಗಳಾದವು, ಅಣ್ಣ ಮನಸ್ಸು ಕರಗಿ ಹೊಸ ಪೆಂಡೇರ ಮಾಡಿಸಿದ. ತಮ್ಮ ಅದನ್ನು ಮುಟ್ಟಲಿಲ್ಲ. ಹನ್ನೊಂದು ಮಂದಿಯ ನೆನಪಿಗೆ ಆ ಕಾಲಿಗೆ ಕೊನೆಯ ತನಕ ಮೆಟ್ಟನ್ನೂ ಹಾಕಲಿಲ್ಲ, ಕುಂಟುತ್ತಲೇ ಓಡಾಡಿದ ಎನ್ನುತ್ತಾರೆ.

ಬೋರೆಯ ನೆತ್ತಿಯ ಬಂಡೆಯಲ್ಲಿ ಉಳಿಯ ಗಾಯದಂಥ ಒಂದು ಗೀರು ಈಗಲೂ ಇದೆ. ಪಕ್ಕದಲ್ಲಿ ಹನ್ನೊಂದು ನೆಟ್ಟ ಕಲ್ಲುಗಳಿವೆ. ಮೊದಲ ಕಲ್ಲಿಗೆ ಹಟ್ಟಿಯವರು ಎಣ್ಣೆ ಹಚ್ಚುತ್ತಾರೆ. ನೋಡಲು ಬಂದವರು ಗೀರಿನ ಮೇಲೆ ಬೆರಳಾಡಿಸಿ, ಆ ಚಿನ್ನದ ಪೆಂಡೇರ ಕೊನೆಗೆ ಏನಾಯಿತು ಎಂದು ತಪ್ಪದೆ ಕೇಳುತ್ತಾರೆ. ಹೋದ ಸುಗ್ಗಿಯಲ್ಲಿ ಒಬ್ಬರು ಹಾಗೆ ಕೇಳಿದಾಗ, ಅಲ್ಲೇ ಮೇಕೆ ಮೇಯಿಸುತ್ತಿದ್ದ ಗೌರಜ್ಜಿ ಕೆಳಗಿನ ಹಟ್ಟಿಯ ಕಡೆ ಕೈ ತೋರಿಸಿದಳು. ಮನೆಗಳ ಮೇಲೆ ಅಡುಗೆಯ ಹೊಗೆ ಏಳುತ್ತಿತ್ತು.

"ಅದ್ ಯಾರ್ ಹೊತ್ಕಂಡ್ ಹೋದ್ರೋ ಏನೋ ಸ್ವಾಮಿ. ನಾವಂತೂ ಇದೀವಲ್ಲ."