ದೇವರ ಕೊಡದ ನೀರು

ದೀಪಾವಳಿ ಹತ್ತಿರವಾದಾಗ ನಡೆದದ್ದು. ಶಿಷ್ಯ ಮಠದ ಗೋಡೆಗೆ ಸುಣ್ಣ ಬಳಿದು, ಸುಣ್ಣ ಕಲಸಿದ ಬಾನಿಯನ್ನು ಕಾಲುವೆಯಲ್ಲಿ ತೊಳೆದು ಬಂದು ಕೇಳಿದ: "ಗುರುಗಳೇ, ಹರಿಯುವ ನೀರಿಗೆ ಮೈಲಿಗೆ ಇಲ್ಲ ಎನ್ನುತ್ತಾರಲ್ಲ, ನಿಜವೇ?"

ಗುರು ಒಂದು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಸಂಜೆ ಬಾನಿಗಳಲ್ಲಿ ಉಳಿದ ಬಣ್ಣವನ್ನು ಹೊಳೆಗೆ ಚೆಲ್ಲುತ್ತಿದ್ದ. ಬೆಳಗಾಗುವ ಹೊತ್ತಿಗೆ ಅದು ಕೆಳಗಿನ ಊರನ್ನು ಮುಟ್ಟುತ್ತಿತ್ತು. ಮಂಜಿನೊಳಗಿಂದ ಒಂದು ದಿನ ಹಳದಿ ಹೊಳೆ ಬರುತ್ತಿತ್ತು, ಒಂದು ದಿನ ನೀಲಿ ಹೊಳೆ. ಮಕ್ಕಳು ದಡದಲ್ಲಿ ನಿಂತು, ಇವತ್ತು ಯಾವ ಬಣ್ಣ ಎಂದು ಪಂಥ ಕಟ್ಟುತ್ತಿದ್ದರು. ಆಕಾಶವೇ ಕರಗಿ ಬರುತ್ತಿದೆ ಎಂದು ದೊಡ್ಡವರೂ ನೋಡುತ್ತ ನಿಲ್ಲುತ್ತಿದ್ದರು.

ಆಮೇಲೆ ಅದೇ ನೀರಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ, ನಿದ್ದೆ ಹೋದವರಂತೆ ತೇಲಿಬಂದವು. ಕುಡಿಯಲು ಆ ಊರಿಗೆ ಬೇರೆ ನೀರಿರಲಿಲ್ಲ. ಒಬ್ಬ ಹೆಂಗಸಿನ ಮಗು ಕುಡಿದದ್ದನ್ನೆಲ್ಲ ಕಕ್ಕತೊಡಗಿತು. ಅದಕ್ಕೆ ಅಳುವ ಶಕ್ತಿಯೂ ಹೋಯಿತು.

ಅವಳು ಒಂದು ಕೊಡ ನೀರು ಹೊತ್ತು ಮೇಲಿನ ಊರಿಗೆ ನಡೆದಳು. ಬಣ್ಣಗಾರ ಆಗ ತಾನೇ ಮಿಂದು, ದೇವರ ಪೂಜೆಗೆ ಕೊಡ ತುಂಬಿಕೊಂಡು ಬರುತ್ತಿದ್ದ.

"ಅಣ್ಣಾ, ನಿನ್ನ ಬಣ್ಣ ನನ್ನ ಮಗುವಿನ ಹೊಟ್ಟೆಗೆ ಹೋಗ್ತಿದೆ" ಎಂದಳು.

"ಹರಿಯೋ ನೀರಿಗೆ ಎಂಥ ಮೈಲಿಗೆ ತಾಯಿ? ನಾಕು ಬಂಡೆ ದಾಟಿದರೆ ಹೊಳೆ ತಾನೇ ಶುದ್ಧವಾಗುತ್ತೆ. ಮಗೂಗೆ ದೃಷ್ಟಿ ಆಗಿರಬೇಕು, ನಿವಾಳಿಸು."

"ಆಗಲಿ. ದೇವರ ಕೊಡ ಎಲ್ಲಿ ತುಂಬಿಕೊಂಡೆ?"

"ಬಾನಿಗಳಿಗಿಂತ ಮೇಲೆ. ನಮ್ಮಪ್ಪನ ಕಾಲದಿಂದಲೂ ಅಲ್ಲೇ. ಮಡಿ ನೀರು ಬೇಡವೇ?"

ಹೆಂಗಸು ತನ್ನ ಕೊಡವನ್ನು ಅವನ ಮುಂದೆ ಇಳಿಸಿದಳು. "ಇದೂ ಅದೇ ಹೊಳೆ. ಇವತ್ತು ದೇವರಿಗೆ ಇದನ್ನು ಎರೆ. ನಾನು ನೋಡಿ ಹೋಗ್ತೀನಿ."

ಕೊಡದ ನೀರು ತಿಳಿನೀಲಿಯಾಗಿತ್ತು. ಬಣ್ಣಗಾರ ಕೈ ಚಾಚಿದ. ಕೈ ಅರ್ಧದಲ್ಲೇ ನಿಂತಿತು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಎರೆದನೇ? ಮಗು ಉಳಿಯಿತೇ?"

ಗುರು ಕಾಲುವೆಯ ಕಡೆ ನೋಡಿದರು. ಸುಣ್ಣದ ಬಿಳುಪು ಇನ್ನೂ ನೀರಿನಲ್ಲಿ ಮೋಡದಂತೆ ಬಿಚ್ಚಿಕೊಳ್ಳುತ್ತ ಕೆಳಗೆ ಹೋಗುತ್ತಿತ್ತು.

"ಈ ಕಾಲುವೆಯ ನೀರು ಕುಡಿಯುವ ಮನೆಗಳು ಹನ್ನೊಂದು."